ಹಿತ್ತಲಿನ ಕಾಯಕ



ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎಂಬುದು ಹಿರಿಯರ ಮಾತು. ನಮ್ಮ ತಾಳವಾಡಿ ಸೀಮೆಯಲ್ಲಿ ಅದು ಹೋಗುವಾಗ ನೆಲದ ತೇವವನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಈ ದಿನಗಳಲ್ಲಿ ಎಲ್ಲರ ಬಾಯಲ್ಲೂ ಹೊಲದ ಕೋಸು, ಬೆಳ್ಳುಳ್ಳಿಯ ದರದ ಮಾತೇ. ಹಿತ್ತಲನ್ನು ಕೇಳುವವರಿಲ್ಲ. ಲಾರಿಗಟ್ಟಲೆ ಕೋಸು ಕಳಿಸಿದ ಮನೆಯವರೇ ಸಂತೆಯಿಂದ ಒಂದು ಕಟ್ಟು ಸೊಪ್ಪು ಕೊಂಡು ತರುವುದನ್ನು ನಾವು ಕಂಡಿದ್ದೇವೆ.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಾಯಿ ಹಿಂದಕ್ಕೆ ಕಳಿಸಿದರು. ಆ ತಾಯಿಯ ಕಣ್ಣು ನಮ್ಮ ಹಿತ್ತಲ ಮೇಲೆ ಬಿದ್ದರೆ ಏನೆನ್ನುತ್ತಿದ್ದರು? ಹೊಲಕ್ಕೆ ತಂದ ಯೂರಿಯಾ, ಔಷಧಿ ಉಳಿಯಿತೆಂದು ಸೊಪ್ಪಿನ ಮಡಿಗೂ ಸುರಿಯುತ್ತೇವೆ. ಹೊಲದ ಬೆಳೆಗಾದರೆ ಔಷಧಿ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದೆಂಬ ಲೆಕ್ಕವುಂಟು. ಹಿತ್ತಲ ಸೊಪ್ಪನ್ನು ಮರುದಿನವೇ ಕಿತ್ತು ಮಕ್ಕಳಿಗೆ ಬಡಿಸುತ್ತೇವೆ. ಇದು ಉಳಿತಾಯವಲ್ಲ, ಬಂಧುಗಳೇ.

ಹಿತ್ತಲಿಗೆ ಹಳೆಯ ತಿಪ್ಪೆಯ ಗೊಬ್ಬರ ಸಾಕು. ಚೆನ್ನಾಗಿ ಕಳಿತಿರಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳ ಬೇರು ತಿನ್ನುತ್ತದೆ. ಕಾಯಿ ಮುಗಿದ ಅವರೆಯನ್ನು ಬೇರುಸಹಿತ ಕೀಳದೆ ಬುಡದಲ್ಲಿ ಕೊಯ್ಯಿರಿ. ಬೇರಿನ ಗಂಟುಗಳಲ್ಲಿರುವ ಸಾರ ಮಣ್ಣಿಗೇ ಸೇರಲಿ. ಬಚ್ಚಲ ನೀರಿಗೆ ಸಣ್ಣ ಕಾಲುವೆ ತೆಗೆದು ಬಾಳೆಯ ಬುಡಕ್ಕೆ ಬಿಡಿ. ಕಾಡಂಚಿನ ಮನೆಯವರು ಮಾತ್ರ ಬಾಳೆ ನೆಡುವ ಮುನ್ನ ಎರಡು ಸಲ ಯೋಚಿಸಿ. ಆನೆಗೆ ಕರೆಯೋಲೆ ಬೇಕಿಲ್ಲ.

ತರಗನ್ನು ಗುಡ್ಡೆ ಮಾಡಿ ಬೆಂಕಿ ಇಡಬೇಡಿ. ಇದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ. ಒಂದು ಮಾಘದಲ್ಲಿ ಮಠದ ಹಿತ್ತಲಿನಲ್ಲೇ ಇಟ್ಟ ಬೆಂಕಿ ಗಾಳಿಗೆ ಬೇಲಿ ಹತ್ತಿ, ಹಿಂದಿನ ಸ್ವಾಮಿಗಳು ನೆಟ್ಟ ಬಿಲ್ವದ ಗಿಡವನ್ನು ಸುಟ್ಟಿತು. ಕಡ್ಡಿ ಗೀರಿದವರು ನಾವೇ. ಪೂಜೆಯ ಪತ್ರೆಗಾಗಿ ಆ ವರ್ಷವೆಲ್ಲ ಬೇರೆಯವರ ಬಾಗಿಲಿಗೆ ಹೋದೆವು. ಬೇಲಿಯ ಆಚೆಗೇ ಕಾಡು ಇರುವ ನಿಮ್ಮಲ್ಲಿ ನಷ್ಟ ಒಂದು ಗಿಡಕ್ಕೆ ನಿಲ್ಲುವುದಿಲ್ಲ. 2013ರಿಂದ ಸತ್ಯಮಂಗಲದ ಕಾಡು ಹುಲಿ ರಕ್ಷಿತ ಪ್ರದೇಶವಾಗಿದೆ. ಬೆಂಕಿ ದಾಟಿದರೆ ಕಾಡೂ ಹೋಗುತ್ತದೆ, ಮನೆಗೆ ಮೊಕದ್ದಮೆಯೂ ಬರುತ್ತದೆ. ತರಗನ್ನು ಗಿಡದ ಬುಡಕ್ಕೆ ಹೊದಿಸಿ. ತೇವ ನಿಲ್ಲುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ.

ಇನ್ನು ಬೀಜದ ಮಾತು. ಇದು ತಾಯಂದಿರ ಕೈಯಲ್ಲಿದೆ. ಒಲೆಯ ಮೇಲಿನ ಅಟ್ಟದಲ್ಲಿ ಹೀರೆ, ಕುಂಬಳ, ಹರಿವೆ, ಅವರೆಯ ಬೀಜ ಬೂದಿ ಬೆರೆಸಿ ಕಟ್ಟಿಟ್ಟ ಗಂಟುಗಳು ಅಜ್ಜಿಯರಿರುವ ಮನೆಗಳಲ್ಲಿ ಇನ್ನೂ ಉಂಟು. ಪೇಟೆಯ ಪೊಟ್ಟಣದ ಸಂಕರ ಬೀಜ ಒಂದು ವರ್ಷಕ್ಕೆ. ಅದರ ಕಾಯಿಂದ ತೆಗೆದದ್ದು ಮರುವರ್ಷ ಅದೇ ಗುಣದಲ್ಲಿ ಬರುವುದಿಲ್ಲ. ಅಜ್ಜಿ ಹೋದ ಮೇಲೆ ಗಂಟಿನಲ್ಲಿ ಯಾವುದು ಯಾವ ಬೀಜವೆಂದು ಹೇಳುವವರಿರುವುದಿಲ್ಲ. ಈಗಲೇ ಕೇಳಿ ಚೀಟಿ ಬರೆದಿಡಿ.

ಶಿವರಾತ್ರಿಗೆ ಮಠಕ್ಕೆ ಬರುವಾಗ ನಿಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ತನ್ನಿ. ಜಾಗರಣೆಯ ಮರುದಿನ ಪ್ರಸಾದದ ಪಂಕ್ತಿಯ ಪಕ್ಕದಲ್ಲೇ ಹಂಚಿಕೊಳ್ಳೋಣ. ಇಲ್ಲದವರು ಬರಿಗೈಯಲ್ಲಿ ಬರಲು ಸಂಕೋಚಪಡಬಾರದು.