ಲಸಿಕೆಯೂ ನಡತೆಯೂ

ಬೆಳಗಾವಿಯ ವ್ಯಾಕ್ಸಿನ್ ಡಿಪೋದಲ್ಲಿ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಲಸಿಕೆಗೂ ಮಗುವಿನ ನಡತೆಗೂ ನಾವು ಗಂಟು ಹಾಕಲಿಲ್ಲ.

ಎಚ್‌ಪಿವಿ ಲಸಿಕೆಯೆಂದರೆ ಮಾತ್ರ ಹೆತ್ತವರಾದ ನಮಗೆ ಮುಜುಗರ. ಗರ್ಭಕಂಠದ ಕ್ಯಾನ್ಸರ್ ತರುವ ಈ ವೈರಸ್ ಹರಡುವುದು ದೇಹಸಂಬಂಧದಿಂದ. 'ನಮ್ಮ ಮಗಳೇನು ಅಂಥವಳೇ?' ಎನ್ನುತ್ತೇವೆ. ಆದರೆ ನಿಕಾಹ್ ಆದ ಗಂಡನನ್ನು ಬಿಟ್ಟು ಬೇರೆ ಯಾರನ್ನೂ ಅರಿಯದ ಹೆಣ್ಣಿಗೂ ಅವನಿಂದಲೇ ಇದು ತಗಲಬಹುದು. ಮಗಳ ನಡತೆಗೆ ನಾವು ಜಾಮೀನು ನಿಲ್ಲಬಹುದು. ನಾಳಿನ ಅಳಿಯನ ನಿನ್ನೆಗಳಿಗೆ ಯಾರು ಜಾಮೀನು? ವೈರಸ್ ತಗಲುವ ಮೊದಲೇ ದೇಹ ಸಜ್ಜಾಗಲೆಂದು 9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಕೊಡುತ್ತಾರೆ. ರೋಗ ಬಲಿತ ಮೇಲೆ ಖಾನಾಪುರದ ಕಾಡಂಚಿನ ಹಳ್ಳಿಯಿಂದ ಬಸ್ಸು ಹಿಡಿದು ಬೆಳಗಾವಿಯ ಆಸ್ಪತ್ರೆಗೆ ಬಂದವಳಿಗೆ ಒಳ್ಳೆಯ ನಡತೆಯೇ ಔಷಧವಾಗದು.

ಪ್ರಶ್ನೆ ಕೇಳುವುದು ತಪ್ಪಲ್ಲ. ಆಗಿನ ಆಂಧ್ರಪ್ರದೇಶದ ಖಮ್ಮಂನಲ್ಲಿ ಈ ಲಸಿಕೆಯ ಯೋಜನೆ 2010ರಲ್ಲಿ ನಿಂತಿತು. ಅಲ್ಲಿನ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆ ಹೇಳಲಿಲ್ಲ. ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್ನರು ಒಪ್ಪಿಗೆಯ ಸಹಿ ಹಾಕಿದ್ದು ಮಾತ್ರ ದೊಡ್ಡ ತಪ್ಪಾಗಿತ್ತು. ಆದ್ದರಿಂದ ವೈದ್ಯರನ್ನು ಕೇಳೋಣ, ಮಗಳಿಗೂ ತಿಳಿಸೋಣ. ಮುಜುಗರವನ್ನೇ ಧರ್ಮವೆಂದು ಕರೆಯದಿರೋಣ. ಮಕ್ಕಳು ನಮಗೆ ಒಪ್ಪಿಸಿದ ಅಮಾನತ್ತು. ಜನರ ಮಾತಿಗೆ ಹೆದರಿ ಅದನ್ನು ಕಾಯದೆ ಬಿಟ್ಟರೆ ಉತ್ತರ ಕೊಡಬೇಕಾದವರು ನಾವೇ.