ಹಳೆಯ ಚಿತ್ರ, ಹೊಸ ಕಾಂತಿ ಮತ್ತು ಸತ್ಯಾಣುವ್ರತ

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ದಾಖಲೆ ಬರೆಯುವುದು, ಒಂದು. ನ್ಯಾಸಾಪಹಾರ, ಎಂದರೆ ನಂಬಿ ಇಟ್ಟ ಇಡುಗಂಟನ್ನು ಕಬಳಿಸುವುದು, ಇನ್ನೊಂದು. ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಹಳೆಯ ಚಲನಚಿತ್ರಗಳಿಗೆ ಹೊಸ ಕಾಂತಿ ನೀಡುತ್ತಿರುವ ಈ ಕಾಲದಲ್ಲಿ ಇವೆರಡೂ ಮನನೀಯ.

1896ರಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ತೋರಿಸಿದ ರೈಲುಗಾಡಿಯ ಚಿತ್ರದಲ್ಲಿ ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳಿದ್ದವು. 2020ರಲ್ಲಿ ಡೆನಿಸ್ ಶಿರ್ಯಾಯೆವ್ ಎಂಬವರು ತಂತ್ರಾಂಶದಿಂದ ಅದನ್ನು 60ಕ್ಕೆ ಏರಿಸಿ ಮಸುಕನ್ನು ನೀಗಿಸಿದರು. ಜನರು ಬೆರಗಾದರು. ಆದರೆ ಹೆಚ್ಚಿದ ಚೌಕಟ್ಟುಗಳನ್ನು ಯಾವ ಕ್ಯಾಮೆರಾವೂ ಕಂಡಿರಲಿಲ್ಲ. ಅವು ಯಂತ್ರದ ಊಹೆ.

1993ರ ಮಹಾಮಸ್ತಕಾಭಿಷೇಕದ ವಿಡಿಯೋ ಟೇಪು ಶ್ರಾವಕರ ಮನೆಯಲ್ಲಿದ್ದರೆ ಅದನ್ನೂ ಹೀಗೆ ಬೆಳಗಿಸಬಹುದು. ಜನಸಂದಣಿಯಲ್ಲಿ ಮಸುಕಾಗಿ ಕಾಣುವ, ಈಗ ಅಗಲಿಹೋದ ತಾಯಿಯ ಮುಖಕ್ಕೆ ಯಂತ್ರವು ಕಣ್ಣು ರೆಪ್ಪೆಗಳನ್ನು ಬರೆಯುತ್ತದೆ. ಅವು ಬೇರೆ ಸಾವಿರಾರು ಮುಖಗಳಿಂದ ಕಲಿತವು. ಮಸುಕಾದರೂ ಹಳೆಯ ಮುಖವೇ ತಾಯಿಯದು.

ವರ್ತಕನು ಅಳಿಸಿಹೋದ ಅಂಕಿಯನ್ನು ತುಂಬಿದರೆ ಪಕ್ಕದಲ್ಲಿ 'ಅಂದಾಜು' ಎಂದು ಬರೆಯುತ್ತಾನೆ. ಹಳೆಯ ಖಾತೆಯನ್ನು ಹರಿಯುವುದಿಲ್ಲ. ಅಂತೆಯೇ ಹೊಸ ಪ್ರತಿಯ ಆರಂಭದಲ್ಲಿ 'ಯಂತ್ರದಿಂದ ತುಂಬಿದುದು' ಎಂದು ಬರೆಯಬೇಕು. ಮೂಲ ಟೇಪನ್ನು ಹಿರಿಯರ ಇಡುಗಂಟೆಂದು ಕಾಯಬೇಕು. ಆಗ ಪುನರುದ್ಧಾರವು ದೋಷವಲ್ಲ, ಸೇವೆ.