ಬ್ಲೇಕ್‌ನ ಗಿರಣಿಗಳು

ಇಂಗ್ಲೆಂಡಿನಲ್ಲಿ ನಾಡಗೀತೆಯಷ್ಟೇ ಅಭಿಮಾನದಿಂದ ಹಾಡುವ ‘ಜೆರುಸಲೇಮ್’ ವಿಲಿಯಂ ಬ್ಲೇಕ್‌ನ ಹದಿನಾರು ಸಾಲುಗಳ ಕವಿತೆ. 1916ರಲ್ಲಿ ಹ್ಯೂಬರ್ಟ್ ಪ್ಯಾರಿ ಅದಕ್ಕೆ ಸಂಗೀತ ಹೊಂದಿಸಿದ. ಮೊದಲು ಯುದ್ಧಕಾಲದ ಜನರನ್ನು ಹುರಿದುಂಬಿಸಲು ಹಾಡಿದ್ದನ್ನೇ ಆಮೇಲೆ ಮತದ ಹಕ್ಕಿಗಾಗಿ ಹೋರಾಡಿದ ಮಹಿಳೆಯರೂ ಹಾಡಿದರು. ಆ ಕವಿತೆಯಲ್ಲಿ ಗಿರಣಿಗಳ ಮಾತು ಬರುತ್ತದೆ. ಅವು ಕತ್ತಲೆಯವು, ಸೈತಾನನವು. ಯಾವ ಗಿರಣಿಗಳು?

ಕೈಗಾರಿಕಾ ಕ್ರಾಂತಿಯ ಕಾರ್ಖಾನೆಗಳು ಎಂಬುದು ಥಟ್ಟನೆ ಸಿಗುವ ಉತ್ತರ. ಅದಕ್ಕೆ ಆಧಾರವೂ ಇದೆ. ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಬಳಿ ಉಗಿಯಂತ್ರದಿಂದ ಹಿಟ್ಟು ಬೀಸುತ್ತಿದ್ದ ಆಲ್ಬಿಯನ್ ಗಿರಣಿ 1791ರಲ್ಲಿ ಸುಟ್ಟುಹೋಯಿತು. ಬ್ಲೇಕ್ ನೆಲೆಸಿದ್ದ ಲ್ಯಾಂಬೆತ್ ಅಲ್ಲಿಂದ ದೂರವೇನಲ್ಲ. ಆದರೆ ಈ ಕವಿತೆ ಬಿಡಿಯಾಗಿ ಹುಟ್ಟಿದ್ದಲ್ಲ, ‘ಮಿಲ್ಟನ್’ ಎಂಬ ನೀಳ್ಗವನದ ಮುನ್ನುಡಿಯಲ್ಲಿ ಬಂದದ್ದು. ಅದೇ ಪುಟದಲ್ಲಿ, ಪದ್ಯಕ್ಕೆ ಮೊದಲೇ, ಸೈನ್ಯ, ಆಸ್ಥಾನ, ವಿಶ್ವವಿದ್ಯಾಲಯಗಳಲ್ಲಿ ಕೂಲಿಗೆ ನಿಂತವರ ಮೇಲೆ ಬ್ಲೇಕ್ ಹರಿಹಾಯುತ್ತಾನೆ. ಕಾವ್ಯದ ಒಳಗೆ ಹೋದರೆ ಸೈತಾನನೇ ಗಿರಣಿಯ ಯಜಮಾನ. ಮುಂದೆ ಇನ್ನೊಂದು ಕಾವ್ಯದಲ್ಲಿ ಯುರೋಪಿನ ವಿದ್ಯಾಲಯಗಳತ್ತ ಕಣ್ಣು ಹಾಯಿಸಿದವನಿಗೆ ಕಾಣುವುದು ತತ್ವಜ್ಞಾನಿ ಲಾಕ್‌ನ ಮಗ್ಗ, ನ್ಯೂಟನ್ನನ ನೀರಿನ ಚಕ್ರಗಳು. ಕಲ್ಪನೆಯನ್ನು ಹೊರಗಟ್ಟಿ, ಲೆಕ್ಕಕ್ಕೆ ಸಿಕ್ಕುವುದನ್ನು ಮಾತ್ರ ಅರೆಯುತ್ತ ಕೂತ ಬುದ್ಧಿಯೂ ಅವನಿಗೆ ಗಿರಣಿಯೇ.

ಹಾಗಿದ್ದರೆ ಕಾರ್ಖಾನೆಯ ಅರ್ಥ ತಪ್ಪೇ? ಇಲ್ಲ. ರೂಪಕವನ್ನು ಒಗಟಿನಂತೆ ಬಿಡಿಸಿ, ಉತ್ತರ ಸಿಕ್ಕೊಡನೆ ಮಾತನ್ನು ಎಸೆಯುವುದು ತಪ್ಪು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯದ ಧ್ವನಿಯ ಬಗ್ಗೆ ಹೇಳುವಾಗ ಇದನ್ನು ಎಷ್ಟು ಚೆನ್ನಾಗಿ ಕಂಡಿದ್ದ! ಬೆಳಕು ಬೇಕಾದವನು ದೀಪವನ್ನು ಜೋಪಾನ ಮಾಡುವಂತೆ, ವ್ಯಂಗ್ಯಾರ್ಥ, ಎಂದರೆ ಮಾತು ಸೂಚಿಸುವ ಅರ್ಥ, ಬೇಕಾದವನು ವಾಚ್ಯಾರ್ಥವನ್ನು, ಎಂದರೆ ಮಾತಿನ ನೇರ ಅರ್ಥವನ್ನು, ಕಾಯಬೇಕು. ಹಿಟ್ಟಿನ ದೂಳು, ಉಗಿ, ಬಿಡುವಿಲ್ಲದೆ ತಿರುಗುವ ಚಕ್ರ ಇವೆಲ್ಲ ಕಣ್ಣಿಗೆ ಕಟ್ಟದಿದ್ದರೆ ಬುದ್ಧಿಯ ಗಿರಣಿ ಬರೀ ಸಿದ್ಧಾಂತವಾಗಿ ಉಳಿಯುತ್ತದೆ. ಮನುಷ್ಯನನ್ನು ಯಂತ್ರವೆಂದು ಬಗೆದ ತಲೆಯೇ ಅವನನ್ನು ಯಂತ್ರದ ಮುಂದೆ ನಿಲ್ಲಿಸಿತು ಎಂಬುದು ಬ್ಲೇಕ್‌ನ ದರ್ಶನವೆಂದು ನಾನು ನಂಬುತ್ತೇನೆ. ಅವನ ಪಾಲಿಗೆ ಇವು ಎರಡು ಅರ್ಥಗಳಲ್ಲ.

ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದುವ ಮಕ್ಕಳಿಗೆ ಗೈಡುಗಳು ಒಂದೇ ಸಾಲಿನ ಅರ್ಥ ಬರೆದುಕೊಡುತ್ತವೆ. ಅದನ್ನು ಬಾಯಿಪಾಠ ಮಾಡುವ ಮೊದಲು, ದಯವಿಟ್ಟು, ಪದ್ಯದ ಮೇಲಿರುವ ಆ ಮುನ್ನುಡಿಯನ್ನು ಒಮ್ಮೆ ಓದಿ.